ಸುಷ್ಮಾ ಹೇಳುವ ತನಕ

ನವೆಂಬರ್ 12, ಮಂಗಳವಾರ
ತೀರ್ಥಹಳ್ಳಿ

ಪರೀಕ್ಷೆ ನೆಗೆಟಿವ್. ಡಾಕ್ಟರ್ ರಂಜನಾ ಬಾಗಿಲು ತೆರೆದು ಮುಗುಳ್ನಕ್ಕಾಗಲೇ ತಿಳಿಯಿತು. "ನಾನು ಹೇಳಿದ್ನಲ್ಲ ಮೇಡಂ" ಎಂದಳು ಸುಷ್ಮಾ, ಗೋಡೆಯ ಕಡೆ ನೋಡುತ್ತ. ಅವಳ ಮಾತಿನ ಮೇಲೆ ನನಗೂ ಅನುಮಾನ ಇರಲಿಲ್ಲ. ಆದರೆ ತಿಂಗಳುಗಟ್ಟಲೆ ಮುಟ್ಟಾಗಿಲ್ಲ ಎಂದು ಯಾವ ಹೆಣ್ಣು ಬಂದರೂ ವೈದ್ಯರು ಮೊದಲು ನೋಡಬೇಕಾದದ್ದು ಬಸುರೋ ಅಲ್ಲವೋ ಎಂಬುದನ್ನೇ. ಅದು ಕ್ರಮ.

ಇನ್ನು ಉಳಿದಿರುವುದು ನನ್ನ ಊಹೆ: ಓಟ ಜಾಸ್ತಿ, ಊಟ ಕಡಿಮೆ. ದೇಹಕ್ಕೆ ಸಿಗುವುದೆಲ್ಲ ಓಡುವುದಕ್ಕೇ ಖರ್ಚಾದರೆ ಅದು ಉಳಿದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮೊದಲು ಮುಟ್ಟು, ಆಮೇಲೆ ಮೂಳೆಗೆ ಗಟ್ಟಿತನ. ನಾನು ಓದಿದ ಕಾಲದ ಪಠ್ಯಪುಸ್ತಕಗಳಲ್ಲಿ ವ್ಯಾಯಾಮ ಮಾಡುವ ದೇಹ ಎಂದರೆ ಎಪ್ಪತ್ತು ಕಿಲೋ ತೂಕದ ಗಂಡಸು. ಹೆಣ್ಣಿನ ಬಗ್ಗೆ ಕೊನೆಗೊಂದು ಪ್ಯಾರಾ. ಆ ಪ್ಯಾರಾ ಸಾಲದು ಎಂದುಕೊಂಡೇ ಈ ಕ್ಷೇತ್ರಕ್ಕೆ ಬಂದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕ್ರೀಡಾ ವಿದ್ಯಾರ್ಥಿನಿಯರ ಮೇಲಿನ ನನ್ನ ಈ ಅಧ್ಯಯನದಲ್ಲಿ ಇಷ್ಟು ಸ್ಪಷ್ಟವಾದ ಪ್ರಕರಣ ಇನ್ನೊಂದು ಸಿಕ್ಕಿಲ್ಲ. ಪ್ರಬಂಧಕ್ಕೆ ಇದೇ ಜೀವಾಳವಾಗಬಹುದು.

ಒಂದೇ ತೊಂದರೆ. ಹೊರಗೆ ಚೀಟಿಗಾಗಿ ಕೂತಿದ್ದ ಹೆಂಗಸೊಬ್ಬರು ನಮ್ಮನ್ನು ದಿಟ್ಟಿಸಿ ನೋಡಿದರು. ಸುಷ್ಮಾಳ ಮುಖ ಬಿಳಿಚಿಕೊಂಡಿತು.

"ನಮ್ಮೂರಿನ ಶೇಷಮ್ಮ ಮೇಡಂ. ಸಂಜೆ ಬಸ್ಸಿಗೆ ನಿಟ್ಟೂರಿಗೆ ಹೋಗ್ತಾರೆ."

"ಹೋಗಲಿ ಬಿಡು" ಎಂದೆ.

"ನಿಮಗೆ ಗೊತ್ತಿಲ್ಲ" ಎಂದಳು. "ಮನೇಲಿ ಯಾರಿಗೂ ಎಂಥದೂ ಹೇಳಬೇಡಿ. ನಾನು ಹೇಳಿ ಅನ್ನೋ ತನಕ."

ಆಯಿತು ಎಂದೆ. ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗಲೇ ಪ್ರತಿಯೊಬ್ಬರಿಗೂ ಕೊಟ್ಟ ಮಾತು ಅದು.

ಮಧ್ಯಾಹ್ನ ಊಟಕ್ಕೆ ಹೊತ್ತು ಸಿಗಲಿಲ್ಲ. ಚಹಾ, ಬಿಸ್ಕತ್ತು. ಸಂಜೆಯೂ ಅದೇ.

ನವೆಂಬರ್ 13, ಬುಧವಾರ

ಶೇಷಮ್ಮ ನಾನು ಅಂದುಕೊಂಡದ್ದಕ್ಕಿಂತ ಚುರುಕು. ಬೆಳಿಗ್ಗೆ ಮೊದಲ ಬಸ್ಸಿಗೇ ಸುಷ್ಮಾಳ ತಾಯಿ ಹಾಸ್ಟೆಲಿಗೆ ಬಂದು ಮಗಳನ್ನು ಬಟ್ಟೆಬರೆ ಸಮೇತ ಕರೆದುಕೊಂಡು ಹೋದರಂತೆ. ಹತ್ತು ಗಂಟೆಗೆ ತಂದೆ ಪುಟ್ಟಪ್ಪನವರ ಫೋನು.

"ಹೆಣ್ಮಕ್ಕಳನ್ನ ಓದೋಕೆ ಕಳಿಸಿದ್ವಿ ನಾವು. ಹೆರಿಗೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಕೆ ನಿಮಗೆ ಯಾರು ಹೇಳಿದ್ದು? ಬಸ್ಸಲ್ಲಿ ಇಡೀ ಊರು ಮಾತಾಡ್ತಾ ಇದೆ."

ಮಾತು ಕೊಟ್ಟಿದ್ದೆ. ಕೇಳಿಸಿಕೊಂಡೆ.

ನವೆಂಬರ್ 15, ಶುಕ್ರವಾರ

ಪ್ರಾಂಶುಪಾಲರು ಕರೆಸಿದರು. ಪುಟ್ಟಪ್ಪ ದೂರು ಕೊಟ್ಟಿದ್ದಾರೆ. ವಿಚಾರಣೆ ಮುಗಿಯುವವರೆಗೆ ನನ್ನ ಅಧ್ಯಯನ ನಿಲ್ಲಬೇಕು. "ನಿಮಗೆ ಆಗಲೇ ಹೇಳಿದ್ದೆ ಮೇಧಾ ಅವರೇ, ಯೋಗದ ಮೇಲೆ ಮಾಡಿ ಅಂತ. ಯಾರ ತಕರಾರೂ ಇರ್ತಿರಲಿಲ್ಲ."

ಹೊರಗೆ ಬರುವಾಗ ದೈಹಿಕ ಶಿಕ್ಷಣದ ಹರ್ಷವರ್ಧನ ಸಿಕ್ಕರು. ಸುಷ್ಮಾ ಅವರ ಕೈಯಲ್ಲಿ ತಯಾರಾದ ಹುಡುಗಿ. ಐದು ಸಾವಿರ, ಹತ್ತು ಸಾವಿರ ಮೀಟರಿನಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಡಿಸೆಂಬರ್ ಕೊನೆಗೆ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟ. ಅವರ ಮುಖದಲ್ಲಿ ಸಿಟ್ಟಿಗಿಂತ ಕಂಗಾಲೇ ಹೆಚ್ಚಿತ್ತು.

"ಮೇಡಂ, ಜೋರು ಪ್ರಾಕ್ಟೀಸ್ ಮಾಡೋ ಹುಡುಗೀರಿಗೆ ಅದು ನಿಲ್ಲುತ್ತೆ. ಅದು ನಿಂತರೆ ಮೈ ತಯಾರಾಗಿದೆ ಅಂತ ಅರ್ಥ. ನಮ್ಮ ಕೋಚುಗಳು ನಮಗೆ ಹಾಗೇ ಹೇಳಿಕೊಟ್ಟಿದ್ದು."

"ಯಾವುದು ನಿಲ್ಲುತ್ತೆ ಸರ್?"

"ಅದೇ... ಅದು."

ಆ ಪದ ಅವರ ಬಾಯಿಂದ ಹೊರಡಲಿಲ್ಲ. ನನಗೆ ವಾದ ಮಾಡುವ ಶಕ್ತಿ ಇರಲಿಲ್ಲ. ತೂಕ ಇಳಿಸು ಎಂದು ಅವಳಿಗೆ ಹೇಳಿದ್ದೀರಾ ಎಂದು ಮಾತ್ರ ಕೇಳಿದೆ. "ಹೇಳಿದೀನಿ. ಎಲ್ಲರಿಗೂ ಹೇಳ್ತೀನಿ" ಎಂದರು, ಪ್ರಾಮಾಣಿಕವಾಗಿ.

ಏಪ್ರಿಲ್‌ಗೆ ನನ್ನ ಗುತ್ತಿಗೆ ಮುಗಿಯುತ್ತದೆ. ನಿಂತುಹೋದ ಅಧ್ಯಯನವನ್ನು ಹಿಡಿದುಕೊಂಡು ಯಾವ ಸಂಸ್ಥೆಯ ಬಾಗಿಲು ತಟ್ಟಲಿ?

ನವೆಂಬರ್ 17, ಭಾನುವಾರ

ನಿಟ್ಟೂರಿಗೆ ಹೋಗಿ ಬಂದೆ. ಹೋಗದಿದ್ದರೇ ಚೆನ್ನಾಗಿತ್ತೇನೋ.

ಹೊಸನಗರದಲ್ಲಿ ಬಸ್ಸು ಬದಲಿಸಿ ಇಳಿಯುವಾಗ ಮಧ್ಯಾಹ್ನವಾಗಿತ್ತು. ಮನೆ ರಸ್ತೆಯ ಪಕ್ಕದಲ್ಲೇ; ಪುಟ್ಟಪ್ಪ ಗದ್ದೆಯ ಜೊತೆಗೆ ಗಾರೆ ಕೆಲಸದ ಮೇಸ್ತ್ರಿಯೂ ಹೌದು, ಮನೆ ತಾವೇ ಕಟ್ಟಿದ್ದು. ಬಾಗಿಲಲ್ಲಿ ಸುಷ್ಮಾಳ ಅಜ್ಜಿ ಕನ್ನಮ್ಮ ಕೂತಿದ್ದರು. "ಬಿಸಿಲಲ್ಲಿ ಬಂದಿದೀಯ, ಕೂರು ಮಗಾ" ಎಂದು ನೀರು, ಬೆಲ್ಲ ಕೊಟ್ಟರು. ಒಳಗಿದ್ದವರ್ಯಾರೂ ಕೂರು ಎನ್ನಲಿಲ್ಲ.

"ನಮ್ಮ ಹುಡುಗಿಗೆ ಎಂಥಾಗಿದೆ? ಅದೊಂದು ಹೇಳಿ" ಎಂದರು ಪುಟ್ಟಪ್ಪ.

ಸುಷ್ಮಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿದೆ. ತಲೆ ಎತ್ತಲಿಲ್ಲ.

"ನಿಮ್ಮ ಆತಂಕ ನನಗೆ ಅರ್ಥವಾಗುತ್ತೆ. ಅದನ್ನ ಅವಳೇ ಹೇಳಬೇಕು. ಅವಳು ಒಪ್ಪದೆ ನಾನು ಹೇಳೋ ಹಾಗಿಲ್ಲ."

"ಅವಳು ಬಾಯೇ ಬಿಡ್ತಿಲ್ಲ. ನೀವೂ ಹೇಳಲ್ಲ. ಹಂಗಾದ್ರೆ ಇಲ್ಲಿವರೆಗೆ ಬಂದಿದ್ದಾದ್ರೂ ಯಾಕೆ?" ತಾಯಿ ವಿಶಾಲಮ್ಮನ ಮಾತಿನಲ್ಲಿ ಕೋಪವಿರಲಿಲ್ಲ. ಅವರು ನಿದ್ದೆ ಮಾಡಿರಲಿಲ್ಲ ಎಂದು ಕಣ್ಣು ಹೇಳುತ್ತಿತ್ತು.

ಒಂದು ವಾಕ್ಯ ಸಾಕಿತ್ತು. ಡಾಕ್ಟರ ಚೀಟಿ ನನ್ನ ಚೀಲದಲ್ಲೇ ಇತ್ತು. ಒಂದು ವಾಕ್ಯ ಹೇಳಿದ್ದರೆ ಆ ತಾಯಿ ಇವತ್ತು ಮಲಗುತ್ತಿದ್ದರು, ನನ್ನ ಅಧ್ಯಯನವೂ ನಾಳೆ ಶುರುವಾಗುತ್ತಿತ್ತು. ಆದರೆ ಆ ಹುಡುಗಿಗೆ ಹತ್ತೊಂಬತ್ತು ವರ್ಷ, ಮೈ ಅವಳದು. ಇವತ್ತು ನಾನು ಹೇಳಿಬಿಟ್ಟರೆ ನಾಳೆ ಈ ಮೂರು ತಾಲ್ಲೂಕಿನ ಯಾವ ಹುಡುಗಿಯೂ ನನಗೆ ನಿಜ ಹೇಳಲಾರಳು.

ಎದ್ದು ಬಂದೆ. ಅಜ್ಜಿ ರಸ್ತೆಯವರೆಗೂ ಬಂದರು. ಅವರೂ ಏನಾದರೂ ಕೇಳಬಹುದೆಂದು ಹೆದರಿದ್ದೆ. "ಬಸ್ಸು ಬರೋಕೆ ಇನ್ನೂ ಹೊತ್ತಿದೆ, ನೆರಳಿಗೆ ನಿಂತ್ಕ" ಎಂದಷ್ಟೇ ಹೇಳಿದರು.

ನವೆಂಬರ್ 19, ಮಂಗಳವಾರ

ಸಾಗರದಿಂದ ಅಮ್ಮನ ಫೋನು. ಧ್ವನಿಯಲ್ಲೇ ಕಂಡುಹಿಡಿದಳು.

"ಎಂತ ಆಜು? ಮೈ ಹುಷಾರಿಲ್ಯಾ?"

"ಎಂತದೂ ಇಲ್ಲೆ ಅಮ್ಮ. ಕೆಲಸ."

"ಕೆಲಸ ಎಲ್ಲರಿಗೂ ಇದ್ದು. ಉಂಡ್ಯಾ?"

ಉಂಡೆ ಎಂದೆ. ಸುಳ್ಳು.

ನವೆಂಬರ್ 23, ಶನಿವಾರ

ಸುಷ್ಮಾ ಫೋನ್ ಮಾಡಿದಳು. ಹಿತ್ತಲಲ್ಲಿ ನಿಂತು ಮಾತಾಡುತ್ತಿದ್ದಳೆಂದು ಕಾಣುತ್ತದೆ, ಕೋಳಿಗಳ ಸದ್ದು.

"ನೀವು ಹೇಳಿಬಿಡ್ತೀರಿ ಅನ್ಕೊಂಡಿದ್ದೆ ಮೇಡಂ."

"ಹೇಳಲ್ಲ ಅಂದಿದ್ನಲ್ಲ."

"ಎಲ್ಲರೂ ಹಂಗೇ ಅಂತಾರೆ." ಕೋಳಿಗಳನ್ನು ಹುಶ್ ಎಂದು ಅಟ್ಟಿದಳು. "ಕಾಲು ನೋವಿದೆ. ತಿಂಗಳಾಯ್ತು. ಸರ್‌ಗೂ ಹೇಳಿರ್ಲಿಲ್ಲ. ಇವತ್ತು ಊರೋಕೇ ಆಗ್ತಿಲ್ಲ. ನಾಳೆ ಬರ್ತೀರಾ? ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ಕೂತಿರಿ, ಸಾಕು."

ನವೆಂಬರ್ 24, ಭಾನುವಾರ

ಎಲ್ಲವನ್ನೂ ಬರೆಯಬೇಕು, ಮರೆಯುವ ಮೊದಲು.

ಇವತ್ತು ಜಗಲಿಯಲ್ಲಿ ಚಾಪೆ ಹಾಸಿದ್ದರು. ಸುಷ್ಮಾ ಕುಂಟುತ್ತ ಬಂದು ನನ್ನ ಪಕ್ಕ ಕೂತಳು. ಪುಟ್ಟಪ್ಪ ಕಂಬಕ್ಕೆ ಒರಗಿದ್ದರು, ವಿಶಾಲಮ್ಮ ಎದುರಿಗೆ. ಅಜ್ಜಿ ಬಾಗಿಲಲ್ಲಿ, ಕಿವಿ ಸರಿಯಾಗಿ ಕೇಳದಿದ್ದರೂ.

"ಅಪ್ಪ, ನಾನು ಬಸುರಿ ಅಲ್ಲ" ಎಂದಳು ಸುಷ್ಮಾ.

ಅಷ್ಟು ನೇರವಾಗಿ ಹೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ಪುಟ್ಟಪ್ಪ ತಟ್ಟನೆ ಗದ್ದೆಯ ಕಡೆ ತಿರುಗಿದರು. ಆದರೆ ಎದ್ದು ಹೋಗಲಿಲ್ಲ.

"ಡಾಕ್ಟ್ರು ನೋಡಿದಾರೆ. ಚೀಟಿ ಮೇಡಂ ಹತ್ರ ಇದೆ. ನಂಗೆ ಏಪ್ರಿಲ್ಲಿಂದ ಮುಟ್ಟಾಗಿಲ್ಲ. ಅದಕ್ಕೇ ಹೋಗಿದ್ದು."

"ಏಪ್ರಿಲ್ಲಿಂದ?" ವಿಶಾಲಮ್ಮನ ಧ್ವನಿ ಇಳಿಯಿತು. "ರಜೆಗೆ ಬಂದಾಗ ಹೊರಗೆ ಕೂತಿದ್ಯಲ್ಲೇ."

"ಸುಮ್ನೆ ಕೂತಿದ್ದೆ. ನಿಂಗೆ ಗೊತ್ತಾಗ್ಬಾರ್ದು ಅಂತ."

ಆಮೇಲೆ ಊಟದ ವಿಷಯ ಬಂತು. ತೂಕ ಒಂದೊಂದು ಕಿಲೋ ಇಳಿದ ಹಾಗೆ ಓಟದ ಸಮಯವೂ ಇಳಿಯುತ್ತಿತ್ತಂತೆ. ಮೊದಲು ರಾತ್ರಿಯ ಅನ್ನ ಬಿಟ್ಟಳು. ಸರ್ ಶಭಾಷ್ ಅಂದರು. ಮಧ್ಯಾಹ್ನದ್ದನ್ನೂ ಬಿಟ್ಟಳು. ಮೊಟ್ಟೆ ಬಿಟ್ಟಳು. ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ಗೆಳತಿಯರ ಜೊತೆ ಕೂತು, ಅವರ ತಟ್ಟೆಗೆ ಹಂಚಿ ಏಳುತ್ತಿದ್ದಳು. ಮನೆಗೆ ಬಂದರೆ ಅಲ್ಲೇ ತಿಂದು ಬಂದೆ ಎನ್ನುವುದು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು, ಆದರೆ ನಿಲ್ಲಿಸಲಿಲ್ಲ.

"ಹಸಿವಾಗ್ತಿರ್ಲಿಲ್ವೇನೇ?" ಎಂದರು ವಿಶಾಲಮ್ಮ.

"ಆಗ್ತಿತ್ತು. ಆಮೇಲೆ ಆಗ್ಲಿಲ್ಲ."

ವಿಶಾಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೆ ಗಾಬರಿಯಾಯಿತು. ಪುಟ್ಟಪ್ಪ "ಯಾಕೆ ಅಳ್ತೀಯ ಈಗ? ಅದಲ್ಲ ಅಂದ್ಳಲ್ಲ" ಎಂದರು.

"ಅದಲ್ಲ ಅಂತ್ಲೇ ಅಳ್ತಿರೋದು. ಹತ್ತು ದಿನದಿಂದ ಅಳೋಕೂ ಹೆದರಿಕೆ ಆಗಿತ್ತು ನಂಗೆ." ಕಣ್ಣೊರೆಸಿಕೊಂಡು ಮಗಳ ತೋಳು ಹಿಡಿದು ನೋಡಿದರು. ಬೆರಳುಗಳು ಪೂರ್ತಿ ಸುತ್ತಿ ಬಂದವು. "ಗೊಬ್ಬರದ ಚೀಲ ಎತ್ತುತಿದ್ದ ಹುಡುಗಿ ಇದು ಮೇಡಂ."

ಆಗ ನನ್ನ ಸರದಿ. ಬಸ್ಸಿನಲ್ಲಿ ಬರುವಾಗ ಹಾರ್ಮೋನು, ಮಿದುಳು ಎಂದು ಏನೇನೋ ಜೋಡಿಸಿಕೊಂಡಿದ್ದೆ. ಅದೆಲ್ಲ ಬಿಟ್ಟು, ಸಿಮೆಂಟು ಕಡಿಮೆ ಹಾಕಿ ಮಹಡಿ ಎತ್ತಿದರೆ ಏನಾಗುತ್ತದೆ ಎಂದು ಪುಟ್ಟಪ್ಪನವರನ್ನು ಕೇಳಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಮಗಳ ಕಾಲು ನೋಡಿದರು.

"ಬಿರುಕು ಬಿಟ್ಟಿದ್ಯಾ?"

"ಇರಬಹುದು. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಬೇಕು."

"ಮುಂದೆ ಮಕ್ಕಳಾಗೋಕೆ...?" ವಿಶಾಲಮ್ಮ ಕೇಳಿದರು.

"ಸರಿಯಾಗಿ ಊಟ ಮಾಡಿ, ಸ್ವಲ್ಪ ದಿನ ಓಟ ನಿಲ್ಲಿಸಿದರೆ ಸಾಮಾನ್ಯವಾಗಿ ಎಲ್ಲ ಮರಳಿ ಬರುತ್ತೆ. ತಿಂಗಳುಗಳು ಹಿಡಿಯಬಹುದು. ಡಾಕ್ಟರೂ ಅದನ್ನೇ ಹೇಳಿದ್ದಾರೆ."

ಅಜ್ಜಿಗೆ ಎಲ್ಲವನ್ನೂ ವಿಶಾಲಮ್ಮ ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು. ರಸ್ತೆಯವರೆಗೂ ಕೇಳಿಸಿರಬೇಕು. ಕೇಳಿ ಮುಗಿಸಿದ ಅಜ್ಜಿ, "ಅನ್ನ ಬಿಟ್ಟು ಓಡೋಕೆ ಹೋದ್ಲಾ? ಯಾರು ಅಟ್ಟಿಸ್ಕೊಂಡು ಬರ್ತಿದ್ರಂತೆ?" ಎಂದರು.

ಸುಷ್ಮಾ ನಕ್ಕಳು. ಅವಳ ನಗು ನಾನು ನೋಡಿದ್ದು ಇದೇ ಮೊದಲು. ಪುಟ್ಟಪ್ಪ ನಗಲಿಲ್ಲ, ಆದರೆ ಒಳಗೆ ಹೋಗಿ ಅಂಗಿ ಹಾಕಿಕೊಂಡು ಮೀನು ತರಲು ಹೊರಟರು. ನಾನು ಮೀನು ತಿನ್ನುವುದಿಲ್ಲ ಎಂದು ತಿಳಿದು ವಿಶಾಲಮ್ಮ ಬೇರೆ ಒಲೆಯಲ್ಲಿ ಕಡುಬು ಬೇಯಿಸಿದರು, ಕಾಯಿಚಟ್ನಿ ಅರೆದರು. ನಾಲ್ಕು ಕಡುಬು ತಿಂದೆ. ಸುಷ್ಮಾ ಒಂದು ತಿಂದಳು, ಕಷ್ಟಪಟ್ಟು. ಯಾರೂ ಇನ್ನೊಂದು ಹಾಕಿಕೋ ಎನ್ನಲಿಲ್ಲ. ನಾನು ಹಾಗೆ ಮೊದಲೇ ಕೇಳಿಕೊಂಡಿದ್ದೆ.

ನವೆಂಬರ್ 28, ಗುರುವಾರ

ಮುಂಗಾಲಿನ ಮೂಳೆಯಲ್ಲಿ ಸಣ್ಣ ಬಿರುಕು. ಪೂರ್ತಿ ಮುರಿಯುವ ಮೊದಲೇ ಸಿಕ್ಕಿದೆ. ಶಸ್ತ್ರಚಿಕಿತ್ಸೆ ಬೇಡ. ಶಿವಮೊಗ್ಗದ ಮೂಳೆ ವೈದ್ಯರು ಇದನ್ನು ಹೇಳಿದಾಗ ಪುಟ್ಟಪ್ಪ ಎರಡೂ ಕೈ ಎತ್ತಿ ಮುಗಿದರು. ನನಗೂ ಉಸಿರು ಬಂತು.

ಓಟ ಮಾತ್ರ ಫೆಬ್ರವರಿಯವರೆಗೆ ಇಲ್ಲ. ಅಂದರೆ ಕ್ರೀಡಾಕೂಟ ಇಲ್ಲ. ವಾಪಸ್ಸು ಬರುವಾಗ ಸುಷ್ಮಾ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು. ಹೊಸನಗರ ಹತ್ತಿರವಾದಾಗ, "ನೀವು ಬರದೇ ಇದ್ರೆ ನಾನು ಓಡ್ತಾ ಇದ್ದೆ" ಎಂದಳು.

"ಹೌದು."

"ಮೆಡಲ್ ಬರ್ತಿತ್ತು."

"ಬರಬಹುದಿತ್ತು."

ಸಮಾಧಾನ ಹೇಳಲು ಹೋಗಲಿಲ್ಲ. ಅವಳು ಸಿಟ್ಟಾಗಲಿ. ಸಿಟ್ಟಾಗುವ ಹಕ್ಕು ಅವಳಿಗಿದೆ.

ಡಿಸೆಂಬರ್ 6, ಶುಕ್ರವಾರ

ಪ್ರಾಂಶುಪಾಲರ ಕೋಣೆಯಲ್ಲಿ ವಿಚಾರಣೆ. ಪುಟ್ಟಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ಕೂರಲಿಲ್ಲ.

"ನನ್ನ ಕಂಪ್ಲೇಂಟ್ ವಾಪಸ್ ತಗೊಂಡಿದೀನಿ ಸರ್. ಆದ್ರೆ ಒಂದು ಮಾತು. ಈ ಮೇಡಂ ನಮಗೆ ಹೇಳದೇ ಹೋಗಿದ್ದು ಅವತ್ತು ನಂಗೆ ಬಹಳ ಬೇಜಾರಾಗಿತ್ತು. ನಮ್ಮ ಜಗಲೀಲಿ ಕೂತು, ಬೈಸ್ಕೊಂಡು, ಹೇಳದೇ ಎದ್ದು ಹೋದ್ರು. ಈಗ ಯೋಚನೆ ಮಾಡಿದ್ರೆ, ನಮ್ಮ ಮನೆ ಮಾತನ್ನ ಹೊರಗಿನವರ ಹತ್ರ ಆಡಲ್ಲ ಇವರು ಅಂತ ಅವತ್ತೇ ಗೊತ್ತಾಗ್ಬೇಕಿತ್ತು ನಂಗೆ."

ಸೋಮವಾರದಿಂದ ಅಧ್ಯಯನ ಮುಂದುವರಿಸಬಹುದು. ಪ್ರಾಂಶುಪಾಲರು ಯೋಗದ ಹೆಸರೆತ್ತಲಿಲ್ಲ.

ಹೊರಗೆ ಹರ್ಷವರ್ಧನ ಕಾಯುತ್ತಿದ್ದರು. ಸ್ಕ್ಯಾನಿನ ಚಿತ್ರವನ್ನು ಪುಟ್ಟಪ್ಪ ಅವರಿಗೂ ತೋರಿಸಿದ್ದರಂತೆ. "ನಾನು ಶಭಾಷ್ ಅಂದಿದ್ದು ನಿಜ" ಎಂದರು. ಅಷ್ಟೇ. ಆಮೇಲೆ, "ಉಳಿದ ಹುಡುಗೀರು? ಅವರಿಗೂ ಹೀಗೇ ಇರಬಹುದಾ?"

"ಅದನ್ನೇ ನೋಡಬೇಕಾಗಿರೋದು ಸರ್."

"ಮೈದಾನಕ್ಕೆ ಬನ್ನಿ. ನಾನು ಹೊರಗೆ ಇರ್ತೀನಿ, ನೀವು ಮಾತಾಡಿ."

"ನೀವೂ ಒಳಗೇ ಇರಬೇಕು" ಎಂದೆ.

ಡಿಸೆಂಬರ್ 22, ಭಾನುವಾರ
ಸಾಗರ

ಎರಡು ದಿನ ಅಮ್ಮನ ಹತ್ತಿರ. ಅಮ್ಮ ನಿವೃತ್ತಿಯ ಮೇಲೂ ಹೈಸ್ಕೂಲು ಮೇಷ್ಟ್ರ ಹಾಗೇ ಬೆಳಿಗ್ಗೆ ಪೇಪರು ಹಿಡಿದು ಪೇಟೆಯ ಸುದ್ದಿಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ. ದೋಸೆ ಹೊಯ್ದಳು. ನಾನು ತಟ್ಟೆ ಖಾಲಿ ಮಾಡುವುದನ್ನು ನೋಡುತ್ತ ನಿಂತಳು.

"ಕೂಸೇ, ಸ್ವಲ್ಪ ಮೈ ಬಂದಂಗೆ ಇದ್ದು ನಿಂಗೆ."

"ಎಂತದೂ ಇಲ್ಲೆ, ಸ್ವೆಟರ್."

ನನ್ನ ಅಧ್ಯಯನದ ಹುಡುಗಿಯರ ಕತೆ ಕೇಳಿದಳು. ಹೆಸರು ಹೇಳದೆ, ಹೇಳಬಹುದಾದಷ್ಟು ಹೇಳಿದೆ. ನೇತ್ರಾ, ಚೈತ್ರಾ ಎಂದು ಒಬ್ಬೊಬ್ಬರ ಮುಖವೂ ಮನಸ್ಸಿಗೆ ಬರುತ್ತಿತ್ತು. ಪ್ರಬಂಧದ ಕರಡು ತಂದಿದ್ದೆ, ಚೀಲದಿಂದ ತೆಗೆಯಲಿಲ್ಲ. ಸಂಜೆ ಇಬ್ಬರೂ ನಡೆಯುತ್ತ ಗಣಪತಿ ಕೆರೆಯ ಕಡೆ ಹೋಗಿ ಬಂದೆವು.

ಇವತ್ತು ಕ್ರೀಡಾಕೂಟಕ್ಕೆ ತಂಡ ಹೊರಟಿತಂತೆ. ಸುಷ್ಮಾಳಿಗೆ ಮೆಸೇಜು ಹಾಕಿದೆ. ಉತ್ತರ ಬರಲಿಲ್ಲ.

ಜನವರಿ 11, ಶನಿವಾರ
ತೀರ್ಥಹಳ್ಳಿ

ಬೆಳಿಗ್ಗೆ ಮೈದಾನದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಹರ್ಷವರ್ಧನ ಎದ್ದುನಿಂತರು. ಒಂದು ಸಲ ಕೆಮ್ಮಿದರು. ಇನ್ನೊಂದು ಸಲ ಕೆಮ್ಮಿದರು. ಆಮೇಲೆ ಓಟ ಶುರುಮಾಡಿಸುವ ಗಟ್ಟಿ ದನಿಯಲ್ಲೇ, "ಮುಟ್ಟು ನಿಂತ್ರೆ ನನಗೆ ಅಥವಾ ಮೇಡಂಗೆ ಹೇಳ್ಬೇಕು. ಅದು ಒಳ್ಳೇದಲ್ಲ. ನಾನು ಇಷ್ಟು ದಿನ ತಪ್ಪು ತಿಳ್ಕೊಂಡಿದ್ದೆ" ಎಂದರು.

ಹಾಲಿನ ಕ್ಯಾನು ಕಟ್ಟಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದವನು ಸೈಕಲ್ ನಿಲ್ಲಿಸಿ ನೋಡಿದ. ಹುಡುಗಿಯರು ಬಾಯಿಗೆ ಕೈ ಇಟ್ಟು ನಕ್ಕರು. ಮೇಷ್ಟ್ರ ಕಿವಿ ಕೆಂಪಾಗಿತ್ತು. ಆದರೆ ತರಬೇತಿ ಮುಗಿದ ಮೇಲೆ ಇಬ್ಬರು ನನ್ನ ಹತ್ತಿರ ಬಂದು ನಿಂತರು, ಬೇರೆ ಬೇರೆಯಾಗಿ.

ಈಗ ಅಭ್ಯಾಸದ ನಂತರ ಎಲ್ಲರಿಗೂ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಶೇಂಗಾ ಚಿಕ್ಕಿ. ನಾನು ಚಿಕ್ಕಿಯ ಕಡೆಯವಳು.

ಫೆಬ್ರವರಿ 2, ಭಾನುವಾರ

ಸುಷ್ಮಾ ಹಾಸ್ಟೆಲಿಗೆ ಮರಳಿದ್ದಾಳೆ. ಕಾಲು ನೋವಿಲ್ಲ. ಊಟ ಮಾಡುತ್ತಾಳೆ, ಆದರೆ ಇನ್ನೂ ಔಷಧಿ ನುಂಗುವ ಮುಖದಲ್ಲಿ. ಮುಟ್ಟು ಬಂದಿಲ್ಲ. "ಬರದೇ ಹೋದ್ರೆ?" ಎಂದು ಕೇಳಿದಳು. ಡಾಕ್ಟರ್ ರಂಜನಾ ಅವಳನ್ನು ಮತ್ತೆ ಪರೀಕ್ಷಿಸಿ ಅವಸರ ಬೇಡ ಎಂದಿದ್ದಾರೆ. ನಾನೂ ಅದನ್ನೇ ಹೇಳಿದೆ.

ಫೆಬ್ರವರಿ 20, ಗುರುವಾರ

ವೈದ್ಯರ ಅನುಮತಿ ಸಿಕ್ಕಿತು. ಇವತ್ತು ಅರ್ಧ ಸುತ್ತು ನಡೆದಳು, ಅರ್ಧ ಸುತ್ತು ಓಡಿದಳು. ಹರ್ಷವರ್ಧನ ಗಡಿಯಾರ ಜೇಬಿನಿಂದ ತೆಗೆಯಲೇ ಇಲ್ಲ.

ಮುಗಿಸಿ ಬಂದು ನನ್ನ ಪಕ್ಕ ಕೂತು, ಚಿಕ್ಕಿ ಮುರಿದು ಅರ್ಧ ಕೊಟ್ಟಳು. "ಮೆಡಲ್ ಬರ್ತಿರ್ಲಿಲ್ಲ ಮೇಡಂ. ಥರ್ಡ್ ಬಂದವಳ ಟೈಮ್ ನೋಡ್ದೆ" ಎಂದಳು. ಕ್ಷಮಿಸಿದ್ದಾಳೆಂದು ಕಾಣುತ್ತದೆ. ಅಥವಾ ಹಸಿವಾಗಿತ್ತೇನೋ. ಎರಡೂ ಒಳ್ಳೆಯದೇ.

ಏಪ್ರಿಲ್ ನಂತರವೂ ಅಧ್ಯಯನ ಮುಂದುವರಿಸಲು ಅರ್ಜಿ ಕಳಿಸಿದೆ. ಈ ಮಕ್ಕಳನ್ನು ಒಂದು ವರ್ಷವಾದರೂ ನೋಡದೆ ಏನು ಬರೆಯುವುದು.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದಾಗ ಫೋನು. ವಿಶಾಲಮ್ಮ. ಅವರು ಬಸ್ಸಿನಲ್ಲಿದ್ದರು, ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಮಾತಾಡುತ್ತಿದ್ದರು.

"ಮೇಡಂ, ಮನೆಗೆ ಬಂದಿದಾಳಲ್ಲ ನಮ್ಮ ಹುಡುಗಿ, ಇವತ್ತು ಹೊರಗಾದ್ಲು."

ಒದ್ದೆ ಕೈಯಲ್ಲಿ ಹಾಗೇ ಒಗೆಯುವ ಕಲ್ಲಿನ ಮೇಲೆ ಕೂತೆ. "ನಿಜವಾಗಿಯೂ?"

"ಸುಮ್ನೆ ಕೂತಿದಾಳೋ ಅಂತ ನಾನೇ ಕೇಳ್ದೆ. ನಿಜ ಕಣ್ರಿ. ಅತ್ತೆ ಕೊಬ್ಬರಿ ಬೆಲ್ಲ ಕುಟ್ಟಿ ಕೊಟ್ರು, ದೊಡ್ಡವಳಾದಾಗ ಕೊಡ್ತಾರಲ್ಲ, ಹಂಗೆ. ಹೊರಗೆಂಥ ಕೂರೋದು, ಒಳಗೇ ಕೂರು ಅಂದೆ ನಾನು. ಈಗ ಹೊಸನಗರಕ್ಕೆ ಹೊರಟಿದೀನಿ, ಅವಳಿಗೆ ಮೀನು ತರೋಕೆ. ಇವತ್ತು ಅವಳೇ ಕೇಳಿದ್ದು, ಮೀನು ಬೇಕು ಅಂತ."

"ವಿಶಾಲಮ್ಮ, ಬಸ್ಸಲ್ಲಿದ್ದೀರಿ. ಎಲ್ಲರಿಗೂ ಕೇಳ್ತಿದೆ."

"ಕೇಳ್ಲಿ ಬಿಡಿ" ಎಂದರು. "ಶೇಷಮ್ಮ ನನ್ನ ಪಕ್ಕದಲ್ಲೇ ಕೂತಿದಾರೆ."